‘ಪಂಪ್ ಹೋಗೇದ’ ಅನ್ನುವ ಮಾತು ಕೊನೆಗೆ ಬರಲಿ

ಕ್ಲಚ್ ತುಳಿಯುವ, ಗೇರ್ ಬದಲಿಸುವ ರಗಳೆ ಇಲ್ಲದ ಸಣ್ಣ ಟ್ರ್ಯಾಕ್ಟರ್ ಈಗ ಅಲ್ಲೊಂದು ಇಲ್ಲೊಂದು ನಮ್ಮ ಕಡೆಯೂ ಕಾಣುತ್ತದೆ. ಪೆಡಲ್ ಮುಂದಕ್ಕೆ ಒತ್ತಿದರೆ ಮುಂದೆ, ಹಿಂದಕ್ಕೆ ಒತ್ತಿದರೆ ಹಿಂದೆ. ಎಷ್ಟು ಒತ್ತುತ್ತೀರೋ ಅಷ್ಟು ಓಟ. ಇದಕ್ಕ ಹೈಡ್ರೋಸ್ಟ್ಯಾಟಿಕ್ ಅಂತಾರ. ನಡೆಯುವತನಕ ಇದರಂಥ ಸುಖ ಮತ್ತೊಂದಿಲ್ಲ. ನಿಂತಿತು ಅಂದರೆ ಮಾತ್ರ ಗ್ಯಾರೇಜಿನವರ ಬಾಯಿಂದ ಬರುವ ಮೊದಲ ಮಾತು ಒಂದೇ: ‘ಪಂಪ್ ಹೋಗೇದ ರೀ, ಬಿಚ್ಚಬೇಕು.’

ನನ್ನ ವಾದ ಇಷ್ಟೇ. ಈ ಮಾತು ಮೊದಲು ಬರಬಾರದು, ಕೊನೆಗೆ ಬರಬೇಕು. ಅದಕ್ಕಿಂತ ಮೊದಲು ನೋಡಬೇಕಾದವು ಏಳೆಂಟು ಅದಾವ. ಅವುಗಳಲ್ಲಿ ಹೆಚ್ಚಿನವನ್ನು ರೈತ ತಾನೇ, ತನ್ನ ಹೊಲದ ಬದುವಿನ ಮ್ಯಾಲೆ ನೋಡಬಹುದು. ಅವನ್ನು ನೋಡದೆ ಪಂಪ್ ಬಿಚ್ಚಲಿಕ್ಕೆ ಯಾರಿಗೂ ಕೈ ಹಚ್ಚಗೊಡಬಾರದು.

ನಾನು ಮೆಕ್ಯಾನಿಕ್ ಅಲ್ಲ. ಇಂಡಿ ತಾಲ್ಲೂಕಿನ ಒಣಬೇಸಾಯದವ, 7ನೇ ಇಯತ್ತೆ ಕಲಿತವ. ಬಿಳಿಜೋಳ, ತೊಗರಿ, ಕಡಲೆ ಇಷ್ಟೇ ನನ್ನ ಬೆಳೆ. ನನ್ನ ತಮ್ಮನ ಮಗ ನಾಲ್ಕು ಸುಗ್ಗಿ ಸಿಂಧನೂರು, ಗಂಗಾವತಿ ಕಡೆ ಭತ್ತ ಕೊಯ್ಯುವ ಚೈನ್ ಹಾರ್ವೆಸ್ಟರ್ ಓಡಿಸಿ ಬಂದಾನ. ಆ ಮಷೀನಿನ ನಡಿಗೆಯೂ ಹೈಡ್ರೋಸ್ಟ್ಯಾಟಿಕ್. ಅವನ ಜೋಡಿ ಕುಂತು, ನಾಲ್ಕು ತಾಲ್ಲೂಕಿನ ನಂಟರ ಮನೆಯಾಗ ನಿಂತ ಮಷೀನು ನೋಡಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಿನವು ಇವತ್ತಿಗೂ ಗೇರಿನವು. ಪೆಡಲಿನ ನಡಿಗೆ ಹೊರದೇಶದಾಗ ಹಳೇದು. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1967ರಲ್ಲೇ 656 ಅನ್ನುವ ದೊಡ್ಡ ಟ್ರ್ಯಾಕ್ಟರಿಗೆ ಇದನ್ನು ಕೂಡಿಸಿ ಮಾರಿತು. ಬೀದರಿನ ಆಚೆ, ತೆಲಂಗಾಣದ ಜಹೀರಾಬಾದಿನಲ್ಲಿ ತಯಾರಾಗುವ ಮಹೀಂದ್ರಾ ಓಜಾ ಸಣ್ಣ ಟ್ರ್ಯಾಕ್ಟರ್ 2023ರಲ್ಲಿ ಬಂತು. ಅಮೆರಿಕಕ್ಕೆ ಹೋಗುವ ಓಜಾದಲ್ಲಿ ಹೈಡ್ರೋಸ್ಟ್ಯಾಟಿಕ್ ಇರುತ್ತದೆ, ನಮಗೆ ಮಾರುವುದು ಗೇರಿನದು. ನಮ್ಮವರ ಕೈಗೆ ಪೆಡಲಿನ ನಡಿಗೆ ಸಿಗುವುದು ಚೈನ್ ಹಾರ್ವೆಸ್ಟರಿನಲ್ಲಿ, ಇಲ್ಲವೇ ಕೈಯಿಂದ ಕೈಗೆ ದಾಟಿ ಬಂದ ಹಳೇ ಜಪಾನಿ ಸಣ್ಣ ಟ್ರ್ಯಾಕ್ಟರಿನಲ್ಲಿ. ಹಳೇದಕ್ಕೆ ಪುಸ್ತಕ ಇರುವುದಿಲ್ಲ, ಇದ್ದರೂ ಜಪಾನಿ ಅಕ್ಷರ. ತೊಂದರೆ ಶುರುವಾಗುವುದು ಇಲ್ಲಿಂದ.

ನಿಂತರೆ ಏನು ಹೋಗುತ್ತದೆ

ಮಷೀನು ನಿಂತರೆ ರೊಕ್ಕ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಒಣಬೇಸಾಯದವನಿಗೆ ಹೋಗುವುದು ಹದ. ನಮ್ಮದು ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯ ನಾಡು. ಹಿಂಗಾರಿ ಜೋಳ ಸಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನೊಳಗೆ ಮಣ್ಣಿಗೆ ಬೀಳಬೇಕು. ಎರಿ ಹೊಲ ಒದ್ದಿ ಇದ್ದಾಗ ಕಾಲು ಇಡಗೊಡುವುದಿಲ್ಲ, ಒಣಗಿದರೆ ಕಬ್ಬಿಣ. ನಡುವೆ ಸಿಗುವ ನಾಲ್ಕೈದು ದಿನವೇ ನಮ್ಮ ವರ್ಷ. ಆ ನಾಲ್ಕೈದು ದಿನದಾಗ ಮಷೀನು ಗ್ಯಾರೇಜಿನಾಗ ಬಿಚ್ಚಿಕೊಂಡು ಬಿದ್ದಿದ್ದರೆ ಬಿಲ್ಲು ಕಡಿಮೆ ಆದರೂ ಏನು, ಹೆಚ್ಚಾದರೂ ಏನು?

ಮೊದಲಾದರೆ ಟ್ರ್ಯಾಕ್ಟರ್ ಕೆಟ್ಟರೆ ಎತ್ತು ಇದ್ದವು. ಈಗ ಬಹಳ ಮನೆಯಲ್ಲಿ ಎತ್ತು ಮಾರಿ, ಆ ರೊಕ್ಕಕ್ಕೆ ಸಾಲ ಕೂಡಿಸಿ ಮಷೀನು ತಂದಿರುತ್ತಾರೆ. ಅಂಥ ಮನೆಯಲ್ಲಿ ಟ್ರ್ಯಾಕ್ಟರ್ ನಿಂತಿತೆಂದರೆ ಕೂರಿಗೆಯೂ ನಿಂತಿತು. ಅದಕ್ಕೇ ಈ ವಿಷಯ ಮೆಕ್ಯಾನಿಕರಿಗೆ ಬಿಟ್ಟು ಸುಮ್ಮನಿರುವಂಥದ್ದಲ್ಲ ಅನ್ನುತ್ತೇನೆ.

ಒಳಗೆ ಇರುವುದೇನು

ಇದು ಕಾಣುವಷ್ಟು ಗೂಢ ಅಲ್ಲ. ಇಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಆಯಿಲನ್ನು ಒತ್ತಿ ಒಂದು ಮೋಟರಿಗೆ ಕಳಿಸುತ್ತದೆ. ಕರೆಂಟಿನ ಮೋಟರ್ ಅಲ್ಲ, ಆಯಿಲಿನ ಒತ್ತಡಕ್ಕೆ ತಿರುಗುವ ಮೋಟರ್. ಅದು ಹಿಂದಿನ ಗಾಲಿ ತಿರುಗಿಸುತ್ತದೆ. ಮೋಟರಿನಿಂದ ಹೊರಬಿದ್ದ ಆಯಿಲ್ ಮತ್ತೆ ಪಂಪಿಗೇ ಬರುತ್ತದೆ. ಮೊಟ್ಟೆ ಕಟ್ಟಿದ ಬಾವಿಯ ನೀರು ಕಾಲುವೆ ಸುತ್ತಿ ಮತ್ತೆ ಅದೇ ಬಾವಿಗೆ ಬಿದ್ದಂತೆ.

ಪಂಪಿನೊಳಗೆ ಒಂದು ತಾಟು ಇರುತ್ತದೆ, ಅದರ ಮ್ಯಾಲೆ ಸಣ್ಣ ಸಣ್ಣ ಪಿಸ್ಟನ್‌ಗಳು. ಪೆಡಲ್ ಒತ್ತಿದಾಗ ತಾಟು ವಾಲುತ್ತದೆ. ಜಾಸ್ತಿ ವಾಲಿದರೆ ಜಾಸ್ತಿ ಆಯಿಲ್, ಜಾಸ್ತಿ ಓಟ. ಆಚೆ ಕಡೆ ವಾಲಿದರೆ ಹಿಂದಕ್ಕೆ. ನೆಟ್ಟಗಿದ್ದರೆ ನ್ಯೂಟ್ರಲ್. ಸುತ್ತುವಾಗ ಸ್ವಲ್ಪ ಆಯಿಲ್ ಸಂದಿಯಲ್ಲಿ ಸೋರುತ್ತಲೇ ಇರುತ್ತದೆ. ಆ ಸೋರಿಕೆ ತುಂಬಿಕೊಡಲಿಕ್ಕೆ ಚಾರ್ಜ್ ಪಂಪ್ ಅಂತ ಇನ್ನೊಂದು ಸಣ್ಣ ಪಂಪ್ ಉಂಟು. ಅದು ಫಿಲ್ಟರಿನ ಮೂಲಕ ಆಯಿಲ್ ಎಳೆದು ದೊಡ್ಡ ಪಂಪಿಗೆ ಉಣಿಸುತ್ತದೆ. ಈ ಚಾರ್ಜ್ ಪಂಪಿಗೆ ಆಯಿಲ್ ಸಿಗದಿದ್ದರೆ ದೊಡ್ಡ ಪಂಪು ಗಟ್ಟಿಮುಟ್ಟಾಗಿದ್ದರೂ ಉಪವಾಸ ಬೀಳುತ್ತದೆ. ಉಪವಾಸ ಬಿದ್ದವನನ್ನು ನೋಡಿ ‘ಸತ್ತಾನ’ ಅಂತ ಹೇಳುವುದೇ ಇಲ್ಲಿ ನಡೆಯುತ್ತಿರುವ ತಪ್ಪು.

ಅಗ್ಗದ್ದರಿಂದ ತುಟ್ಟಿಯ ಕಡೆಗೆ

ನೋಡುವಾಗ ಪುಕ್ಕಟೆ ನೋಡಬಹುದಾದದ್ದನ್ನು ಮೊದಲು ನೋಡ್ರಿ. ಎರಡೂ ಕಡೆ ಗಾಡಿ ಅಲುಗದಿದ್ದರೆ ರೇಂಜ್ ಲಿವರ್ ನ್ಯೂಟ್ರಲ್‌ನಲ್ಲಿ ಅದೇನು, ಹ್ಯಾಂಡ್ ಬ್ರೇಕ್ ಹಿಡಿದಿದೆಯೇನು ನೋಡ್ರಿ. ಕೆಲವು ಮಾದರಿಯಲ್ಲಿ ಎಳೆದೊಯ್ಯಲಿಕ್ಕೆ ಅಂತ ಒಂದು ಬೈಪಾಸ್ ವಾಲ್ವ್ ಇರುತ್ತದೆ. ಅದು ತೆರೆದಿದ್ದರೆ ಆಯಿಲ್ ಮೋಟರಿಗೆ ಹೋಗದೆ ಅಡ್ಡದಾರಿಯಲ್ಲಿ ಸುತ್ತುತ್ತದೆ. ಪೆಡಲಿನಿಂದ ಪಂಪಿಗೆ ಹೋಗುವ ಸಲಾಕಿಯ ಪಿನ್ ಬಿದ್ದಿದ್ದರೂ ಇದೇ ಕಥೆ. ಇಂಜಿನ್ ಬಂದ್ ಮಾಡಿ, ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಸಲಾಕಿ ಕೊನೆತನಕ ಹೊರಳುತ್ತದೋ ಇಲ್ಲೋ ನೋಡಬೇಕು.

ಎರಡನೆಯದು ಆಯಿಲಿನ ಮಟ್ಟ. ಸಮ ನೆಲದ ಮ್ಯಾಲೆ ನಿಲ್ಲಿಸಿ, ಲಿಫ್ಟ್ ಪೂರಾ ಇಳಿಸಿ, ಇಂಜಿನ್ ಬಂದ್ ಮಾಡಿ ನೋಡಬೇಕು. ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ನಡಿಗೆಗೂ ಲಿಫ್ಟಿಗೂ ಸಾಮಾನ್ಯವಾಗಿ ಒಂದೇ ಆಯಿಲ್. ಹೈಡ್ರಾಲಿಕ್ ಟ್ರೇಲರ್ ಎತ್ತಿ ನಿಲ್ಲಿಸಿದಾಗ ಜಾಕಿನೊಳಗೆ ಲೀಟರ್‌ಗಟ್ಟಲೆ ಆಯಿಲ್ ಹೋಗಿ ಕುಂತಿರುತ್ತದೆ. ಆಗ ಕಡ್ಡಿ ನೋಡಿದರೆ ಕಡಿಮೆ ಕಾಣುತ್ತದೆ. ಕಡಿಮೆ ಅಂತ ಸುರಿದರೆ ಟ್ರೇಲರ್ ಇಳಿಸಿದಾಗ ಉಕ್ಕಿ ಬರುತ್ತದೆ.

ಮೂರನೆಯದು ಆಯಿಲಿನ ಬಣ್ಣ. ಕಡ್ಡಿಗೆ ಹತ್ತಿದ ಆಯಿಲ್ ಬಿಳಿ ವಸ್ತ್ರದ ಮ್ಯಾಲೆ ಒರೆಸಿ ನೋಡ್ರಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ನೊರೆ ನೊರೆ ಆಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬಹಳ ಕಾದಿದೆ.

ನಾಲ್ಕನೆಯದು ಫಿಲ್ಟರ್. ನಮ್ಮ ಎರಿ ಮಣ್ಣಿನ ಧೂಳು ಹಿಟ್ಟಿಗಿಂತ ನುಣುಪು. ಅದು ಬ್ರೀದರಿನಲ್ಲಿ, ಆಯಿಲ್ ಹಾಕುವ ಬಾಯಲ್ಲಿ, ಲಿಫ್ಟಿನ ಕಪ್ಲಿಂಗಿನಲ್ಲಿ ಎಲ್ಲ ಕಡೆ ಒಳಹೊಗುತ್ತದೆ. ಫಿಲ್ಟರ್ ಕಟ್ಟಿದರೆ ಮುಂಜಾನೆ ಇಂಜಿನ್ ಹಚ್ಚಿದ ಕೂಡಲೇ ಕುಂಯ್ ಅಂತ ಸಪ್ಪಳ ಬರುತ್ತದೆ, ಗಾಡಿ ತಡೆದು ತಡೆದು ನಡೆಯುತ್ತದೆ. ಹೊಸ ಮಷೀನಿನಲ್ಲಿ ಮೊದಲ 50 ತಾಸಿಗೇ ಫಿಲ್ಟರ್ ಬದಲಿಸಿ ಅಂತ ಬಹಳ ಕಂಪನಿಯ ಪುಸ್ತಕದಾಗ ಇರುತ್ತದೆ. ಹೊಸ ಗೇರುಗಳು ಒಂದಕ್ಕೊಂದು ಹೊಂದುವಾಗ ಉದುರುವ ಕಬ್ಬಿಣದ ಪುಡಿ ಎಲ್ಲ ಅದರಾಗ ಬಂದು ಕೂಡಿರುತ್ತದೆ. ‘ಹೊಸದಕ್ಕ ಏನ ಆಗ್ತದ’ ಅಂತ ಬಿಟ್ಟವರೇ ಬಹಳ.

ಐದನೆಯದು ಗಾಳಿ. ಟ್ಯಾಂಕಿಯಿಂದ ಚಾರ್ಜ್ ಪಂಪಿಗೆ ಹೋಗುವ ಪೈಪಿನ ಕ್ಲಿಪ್ ಸಡಿಲಿದ್ದರೆ, ರಬ್ಬರ್ ರಿಂಗ್ ಒಣಗಿ ಬಿರಿದಿದ್ದರೆ ಅಲ್ಲಿ ಆಯಿಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗೆ ತೇವ ಇಲ್ಲ ಅಂತ ಬಿಟ್ಟುಬಿಡಬ್ಯಾಡ್ರಿ.

ಆರನೆಯದು ತಂಪು. ಆಯಿಲ್ ತಂಪು ಮಾಡುವ ಜಾಳಿಗೆ, ಫ್ಯಾನು, ಕೇಸಿನ ಮೇಲಿನ ಪಕ್ಕೆಗಳಲ್ಲಿ ಜೋಳದ ರವದಿ, ನಿಂಬೆ ಎಲೆ, ಧೂಳು ಮೆತ್ತಿಕೊಂಡರೆ ಕಾವು ಹೊರಗೆ ಹೋಗುವುದಿಲ್ಲ. ಈ ಮಷೀನುಗಳು ಹುಟ್ಟಿದ್ದು ತಂಪು ದೇಶದಾಗ, ಹುಲ್ಲು ಕೊಯ್ಯಲಿಕ್ಕೆ. ನಮ್ಮಲ್ಲಿ ಏಪ್ರಿಲ್, ಮೇದಾಗ 40 ಡಿಗ್ರಿ ದಾಟುತ್ತದೆ. ಅಲ್ಲಿಯ ಪುಸ್ತಕದಾಗ ವಾರಕ್ಕೊಮ್ಮೆ ಒರೆಸು ಅಂತ ಇದ್ದರೆ ನಮ್ಮಲ್ಲಿ ದಿನಾ ಒರೆಸಬೇಕು ಅಂತ ತಿಳಿಯಬೇಕು.

ಲಕ್ಷಣ ಮಾತಾಡುತ್ತದೆ

ಡಾಕ್ಟರ್ ನಾಡಿ ನೋಡಿದಂತೆ ಮಷೀನಿನ ಲಕ್ಷಣ ನೋಡಬೇಕು. ಮೂರು ಪ್ರಶ್ನೆ ಸಾಕು.

ಒಂದು, ಮುಂದಕ್ಕೂ ಹಿಂದಕ್ಕೂ ಎರಡೂ ಕಡೆ ಶಕ್ತಿ ಇಲ್ಲವೋ, ಒಂದೇ ಕಡೆಯೋ? ಎರಡೂ ಕಡೆ ಇಲ್ಲದಿದ್ದರೆ ಎರಡಕ್ಕೂ ಸೇರಿದ ಆಯಿಲ್, ಫಿಲ್ಟರ್, ಗಾಳಿ, ಚಾರ್ಜ್ ಪಂಪ್ ಕಡೆ ನೋಡಬೇಕು. ಒಂದೇ ಕಡೆ ಇಲ್ಲದಿದ್ದರೆ ಫಿಲ್ಟರ್ ಬದಲಿಸಿ ಉಪಯೋಗವಿಲ್ಲ. ಆ ಕಡೆಗೆ ಸಲಾಕಿ ಪೂರಾ ಹೊರಳುತ್ತಿಲ್ಲ, ಇಲ್ಲವೇ ಆ ಕಡೆಯ ವಾಲ್ವಿನಲ್ಲಿ ಕಸ ಸಿಕ್ಕಿದೆ. ವಾಲ್ವ್ ತೊಳೆಯುವುದು ಪಂಪ್ ಬದಲಿಸುವುದಕ್ಕಿಂತ ಎಷ್ಟೋ ಸಣ್ಣ ಕೆಲಸ.

ಎರಡು, ತಂಪಿದ್ದಾಗ ಹೇಗೆ, ಕಾದಮೇಲೆ ಹೇಗೆ? ಮುಂಜಾನೆ ಏರಿದ ಏರನ್ನೇ ಮಧ್ಯಾಹ್ನ ಏರದಿದ್ದರೆ ಆಯಿಲ್ ಕಾದು ತೆಳುವಾಗಿ ಒಳಗೇ ಸೋರುತ್ತಿದೆ ಅಂತ ಅರ್ಥ. ಆಯಿಲ್ ತಪ್ಪಾಗಿದ್ದರೂ ಹೀಗೇ, ಜಾಳಿಗೆ ಕಟ್ಟಿದ್ದರೂ ಹೀಗೇ, ಪಂಪು ನಿಜವಾಗಿ ಸವೆದಿದ್ದರೂ ಹೀಗೇ. ಮೊದಲಿನ ಎರಡನ್ನು ಸರಿ ಮಾಡಿಯೂ ಅದೇ ಹಾಡಾದರೆ ಆಗ ಮೂರನೆಯದರ ಸಂಶಯ ಪಡಬೇಕು.

ಮೂರು, ಲಿಫ್ಟ್ ಹೇಗಿದೆ? ಎಷ್ಟೋ ಮಾದರಿಯಲ್ಲಿ ಲಿಫ್ಟು, ಸ್ಟೇರಿಂಗು, ನಡಿಗೆ ಮೂರೂ ಒಂದೇ ಆಯಿಲಿನ ಮನೆಯವು. ನಡಿಗೆ ಸೋತಾಗ ಲಿಫ್ಟೂ ಸೋತಿದ್ದರೆ ರೋಗ ಮನೆಯ ಬಾವಿಯಲ್ಲೇ ಅದ, ಅಂದರೆ ಆಯಿಲು, ಫಿಲ್ಟರು, ಎಳೆಯುವ ಪೈಪು. ಲಿಫ್ಟ್ ಗಟ್ಟಿ ಇದ್ದು ನಡಿಗೆ ಮಾತ್ರ ಸೋತಿದ್ದರೆ ರೋಗ ನಡಿಗೆಯ ಕಡೆ.

ಇನ್ನೊಂದು ಲಕ್ಷಣ ಅಪಾಯದ್ದು. ಪೆಡಲ್ ಬಿಟ್ಟಮೇಲೂ ಗಾಡಿ ಮೆಲ್ಲಗೆ ಸರಿಯುತ್ತಿದ್ದರೆ ನ್ಯೂಟ್ರಲ್‌ನ ಸಲಾಕಿ ಹೊಂದಾಣಿಕೆ ತಪ್ಪಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಇದು ಸಣ್ಣ ರಿಪೇರಿ, ಆದರೆ ಮಾಡಿಸುವತನಕ ಮಷೀನು ಹಚ್ಚಬಾರದು. ಹಿಂದೆ ರೂಟರ್ ತಿರುಗುತ್ತಿರುತ್ತದೆ, ಮಕ್ಕಳು ಸುತ್ತಮುತ್ತ ಇರುತ್ತಾರೆ. ಇಂಜಿನ್ ಬಂದ್ ಮಾಡಿದ ಮ್ಯಾಲೂ ಇಳಿಜಾರಿನಲ್ಲಿ ಈ ಗಾಡಿ ಗೇರಿನ ಗಾಡಿಯಂತೆ ಹಿಡಿದು ನಿಲ್ಲುವುದಿಲ್ಲ. ಹ್ಯಾಂಡ್ ಬ್ರೇಕ್ ಹಾಕಿಯೇ ಇಳಿಯಬೇಕು.

ಸೋರುವ ಜಾಗ ಹುಡುಕುವಾಗ ಬೆರಳು ಹಚ್ಚಿ ನೋಡಬ್ಯಾಡ್ರಿ. ಮುಖ್ಯ ಸುತ್ತಿನಲ್ಲಿ 200, 300 ಕಿಲೋ ಒತ್ತಡ ಇರುತ್ತದೆ. ಸೂಜಿ ತೂತಿನಿಂದ ಬರುವ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಇರುವೆ ಕಡಿದಷ್ಟು ಗುರುತು, ಒಳಗೆ ಕೈ ಕೊಳೆಯುವಷ್ಟು ಕೇಡು. ರಟ್ಟಿನ ತುಂಡು ಹಿಡಿದು ನೋಡಬೇಕು. ಒಂದುವೇಳೆ ತಾಗಿದರೆ ಅರಿಷಿಣ ಹಚ್ಚಿ ಕೂಡ್ರದೆ ಅದೇ ತಾಸಿಗೆ ದೊಡ್ಡ ದವಾಖಾನೆಗೆ ಹೋಗಬೇಕು.

ಎರಡು ಮಷೀನು, ಎರಡು ಗತಿ

ಎರಡು ವರ್ಷದ ಹಿಂದೆ ಸಿಂದಗಿ ತಾಲ್ಲೂಕಿನ ನಮ್ಮ ಬೀಗರ ಹಳೇ ಜಪಾನಿ ಟ್ರ್ಯಾಕ್ಟರ್ ಬಿತ್ತುವ ಮುಂದೆ ಸೋತಿತು. ಪೇಟೆಯಿಂದ ಬಂದವನು ಸುತ್ತ ಒಂದು ಸಲ ತಿರುಗಿ, ‘ಪಂಪ್ ಹೋಗೇದ ರೀ ಗೌಡ್ರ, 90 ಸಾವಿರ ಹಿಡೀರಿ’ ಅಂದ. ಬೀಗರು ಕೈಯಲ್ಲಿದ್ದ ತೊಗರಿ ಮಾರಲಿಕ್ಕೆ ಹೊರಟಿದ್ದರು. ನನ್ನ ತಮ್ಮನ ಮಗ ಹೋಗಿ ಮೊದಲು ಮಷೀನು ಮುಟ್ಟಲಿಲ್ಲ, ಮಾತಾಡಿಸಿದ.

‘ಮಾವಾ, ಯಾವಾಗಿಂದ ಹಿಂಗ?’

‘ಹದಿನೈದು ದಿನ ಆತು ನೋಡಪ.’

‘ಅದಕ್ಕೂ ಮೊದಲ ಏನರೆ ಹೊಸಾ ಕೆಲಸ ಹಚ್ಚಿದ್ರೇನು?’

‘ಕಡಗಾಲಿಯವರ ಟ್ರೇಲರ್ ತಂದು ನಾಲ್ಕ ದಿನ ಗೊಬ್ಬರ ಹೇರಿದ್ವಿ.’

ಅಲ್ಲಿತ್ತು ಮೂಲ. ಆ ಟ್ರೇಲರಿನ ಜಾಕಿನೊಳಗೆ ಊರ ಎಲ್ಲ ಟ್ರ್ಯಾಕ್ಟರಿನ ಆಯಿಲ್ ಕೂಡಿರುತ್ತದೆ. ಒಬ್ಬರ ಟ್ರೇಲರ್ ಹತ್ತು ಮಂದಿ ಹಚ್ಚಿದರೆ ಹತ್ತು ಮಂದಿಯ ಹೊಲಸು ಹನ್ನೊಂದನೆಯವನ ಪಂಪಿಗೆ ಬರುತ್ತದೆ. ಗೇರಿನ ಟ್ರ್ಯಾಕ್ಟರ್ ಅದನ್ನು ತಾಳಿಕೊಳ್ಳುತ್ತದೆ, ಇದು ತಾಳುವುದಿಲ್ಲ. ಲಿಫ್ಟೂ ಸೋತಿತ್ತು. ಫಿಲ್ಟರ್ ಬಿಚ್ಚಿದರೆ ಕರೀ ಕೆಸರು. ಆಯಿಲ್ ಪೂರಾ ಇಳಿಸಿ, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ಹಾಕಿ, ಗಾಲಿ ನೆಲದಿಂದ ಎತ್ತಿ ನಿಲ್ಲಿಸಿ, ಇಂಜಿನ್ ಸಣ್ಣಗೆ ಇಟ್ಟು ಪೆಡಲ್ ಸ್ವಲ್ಪ ಸ್ವಲ್ಪ ಮುಂದೆ ಹಿಂದೆ ಮಾಡಿ ಗಾಳಿ ತೆಗೆದರು. 20 ತಾಸು ಕೆಲಸ ಆದಮೇಲೆ ಇನ್ನೊಮ್ಮೆ ಆಯಿಲ್, ಫಿಲ್ಟರ್ ಬದಲಿಸಿದರು. ಎಲ್ಲ ಕೂಡಿ 11 ಸಾವಿರದ ಒಳಗೆ ಮುಗಿಯಿತು. ಮುಖ್ಯ, ಹದ ತಪ್ಪಲಿಲ್ಲ.

ಇನ್ನೊಂದು ಮುದ್ದೇಬಿಹಾಳ ಕಡೆಯದು. ಪರಿಚಯದವರೊಬ್ಬರು ಎತ್ತು ಮಾರಿ ತಂದ ಮಷೀನು. ಅದರ ಫಿಲ್ಟರ್ ಯಾರೂ ನೋಡಲಿಲ್ಲ. ಗ್ಯಾರೇಜಿನವರು ಬಂದು ಗಾಳಿ ಬೀಸುವ ಅಂಗಳದಾಗ, ಗೋಣಿತಟ್ಟಿನ ಮ್ಯಾಲೆ ಪಂಪ್ ಬಿಚ್ಚಿ ಹರವಿದರು. ಬನಿಯನ್ ಚಿಂದಿಯಿಂದ ಒರೆಸಿದರು, ಡೀಸೆಲ್ಲಿನಾಗ ತೊಳೆದರು, ಮತ್ತೆ ಜೋಡಿಸಿದರು. ಎರಡು ದಿನ ನಡೆದು ಪೂರಾ ಕೂತಿತು. ಪಿಸ್ಟನ್ನಿಗೂ ತೂತಿಗೂ ನಡುವಿನ ಸಂದಿ ಕೂದಲೆಳೆಗಿಂತ ಸಣ್ಣದು. ಅಲ್ಲಿ ಒಂದು ಮಣ್ಣಿನ ಕಣ, ಚಿಂದಿಯ ಒಂದು ಎಳೆ ಸಿಕ್ಕರೆ ಸಾಕು. ಆ ವರ್ಷ ಬೇರೆಯವರ ಟ್ರ್ಯಾಕ್ಟರಿಗೆ ಕಾದು ಕಾದು ಅವರು ಬಿತ್ತಿದಾಗ ತೇವ ಆರಿತ್ತು. ಜೋಳ ಮೊಣಕಾಲುದ್ದ ಬಂದು ನಿಂತಿತು. ಮಷೀನು ಬೇವಿನ ಗಿಡದ ಕೆಳಗೆ ಎರಡು ವರ್ಷ ನಿಂತು ಗುಜರಿಗೆ ಹೋಯಿತು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಅದರ ಪಂಪು ಮೊದಲೇ ಹೋಗಿತ್ತೋ, ಬಿಚ್ಚಿದ ಮ್ಯಾಲೆ ಹೋಯಿತೋ, ಇವತ್ತಿಗೆ ಯಾರೂ ಹೇಳಲಾರರು. ನೋಡದೆ ಬಿಚ್ಚಿದ್ದರ ಫಲ ಅದು.

ನಿಜವಾಗಿ ಹೋದದ್ದು ಹೇಗೆ ತಿಳಿಯುವುದು

ಪಂಪು ಹೋಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೋಗುತ್ತದೆ. ಆದರೆ ಹೋದದ್ದಕ್ಕೆ ಸಾಕ್ಷಿ ಇರುತ್ತದೆ. ಹಳೇ ಫಿಲ್ಟರನ್ನು ಎಸೆಯದೆ ಕತ್ತರಿಸಿ ಬಿಡಿಸಿ ನೋಡ್ರಿ. ಕರೀ ಕೆಸರಿದ್ದರೆ ಧೂಳು. ಹಿತ್ತಾಳೆ ಬಣ್ಣದ ಹೊಳೆಯುವ ಚೂರುಗಳಿದ್ದರೆ ಪಂಪಿನ ಇಲ್ಲವೇ ಮೋಟರಿನ ಒಳಭಾಗ ತಿಂದುಕೊಳ್ಳುತ್ತಿದೆ.

ಎರಡನೇ ಸಾಕ್ಷಿ ಪ್ರೆಷರ್ ಮೀಟರ್. ಬಹಳ ಮಷೀನಿನಲ್ಲಿ ಚಾರ್ಜ್ ಒತ್ತಡ ನೋಡಲಿಕ್ಕೆ ಒಂದು ಪ್ಲಗ್ ಬಿಟ್ಟಿರುತ್ತಾರೆ. ಅಲ್ಲಿ ಮೀಟರ್ ಕೂಡಿಸಿ ತಂಪಿದ್ದಾಗ ಒಮ್ಮೆ, ಕಾದಮೇಲೆ ಒಮ್ಮೆ ನೋಡಬೇಕು. ಎಷ್ಟಿರಬೇಕು ಅನ್ನುವುದು ಮಾದರಿಗೊಂದು, ಅದನ್ನು ಕಂಪನಿಯೇ ಹೇಳಬೇಕು. ಚಾರ್ಜ್ ಒತ್ತಡ ಸರಿ ಇದ್ದು, ಆಯಿಲ್ ಸರಿ ಇದ್ದು, ಸಲಾಕಿ ಸರಿ ಇದ್ದು, ವಾಲ್ವ್ ಸರಿ ಇದ್ದು, ಕಾದಾಗ ಗಾಡಿ ಸೋಲುತ್ತಿದ್ದರೆ ಆಗ ‘ಪಂಪ್ ಹೋಗೇದ’ ಅನ್ನಲಿ, ಒಪ್ಪೋಣ. ಒಂದು ಎಚ್ಚರ: ಚಾರ್ಜ್ ನೋಡುವ ಸಣ್ಣ ಮೀಟರನ್ನು ಮುಖ್ಯ ಸುತ್ತಿನ ಪ್ಲಗ್ಗಿಗೆ ಕೂಡಿಸಿದರೆ ಅದು ಒಡೆದು ಮಾರಿಗೆ ಸಿಡಿಯುತ್ತದೆ. ಈ ಕೆಲಸ ಬಲ್ಲವರೇ ಮಾಡಲಿ, ನಾವು ನಿಂತು ಮುಳ್ಳು ನೋಡೋಣ, ಬರೆದುಕೊಳ್ಳೋಣ.

ಓಡಿಸುವವರ ಕೈಯಲ್ಲಿ ಅರ್ಧ ಆಯುಷ್ಯ

ಗೇರಿನ ಟ್ರ್ಯಾಕ್ಟರ್ ಓಡಿಸಿದ ಕಾಲಿಗೆ ಒಂದು ಚಟ ಅಂಟಿರುತ್ತದೆ. ಗಾಡಿ ಜಗ್ಗದಿದ್ದರೆ ಇನ್ನೂ ಒತ್ತುವುದು. ಇಲ್ಲಿ ಅದು ಉಲ್ಟಾ. ಭಾರ ಬಿದ್ದಾಗ ಪೆಡಲ್ ಸ್ವಲ್ಪ ಬಿಡಬೇಕು, ಆಗ ಓಟ ಇಳಿದು ಜಗ್ಗುವ ಶಕ್ತಿ ಏರುತ್ತದೆ. ಬಿಡದೆ ತುಳಿದರೆ ಒತ್ತಡ ಮಿತಿ ಮೀರಿ ರಿಲೀಫ್ ವಾಲ್ವ್ ತೆರೆಯುತ್ತದೆ. ಇಂಜಿನ್ನಿನ ದುಡಿಮೆ ಎಲ್ಲ ಆಯಿಲ್ ಕಾಸುವುದಕ್ಕೇ ಹೋಗುತ್ತದೆ. ಭಾರದ ಕೆಲಸ ಲೋ ರೇಂಜಿನಲ್ಲೇ ಮಾಡಬೇಕು. ಹೈ ರೇಂಜ್ ಇರುವುದು ದಾರಿಗೆ.

ಬ್ಯಾಟರಿ ಇಳಿದರೆ ದಬ್ಬಿ ಹಚ್ಚುವ ಆಟ ಇಲ್ಲಿ ನಡೆಯುವುದಿಲ್ಲ. ಕೆಟ್ಟು ನಿಂತಾಗ ಹಗ್ಗ ಕಟ್ಟಿ ಊರತನಕ ಎಳೆಯಲೂಬಾರದು. ಗಾಲಿ ತಿರುಗಿದರೆ ಒಳಗಿನ ಮೋಟರ್ ಆಯಿಲಿನ ಪೂರೈಕೆ ಇಲ್ಲದೆ ತಿರುಗಿ ಸವೆಯುತ್ತದೆ. ಎಳೆಯಲೇಬೇಕಾದರೆ ರೇಂಜ್ ಲಿವರ್ ನ್ಯೂಟ್ರಲ್‌ಗೆ ಹಾಕಿ, ಮೆಲ್ಲಗೆ, ಮರದ ನೆರಳಿನತನಕ ಮಾತ್ರ. ದೂರಕ್ಕಾದರೆ ಇನ್ನೊಂದು ಗಾಡಿಯ ಮ್ಯಾಲೆ ಹೇರಿ ಒಯ್ಯಬೇಕು.

ಆಯಿಲಿನ ವಿಷಯದಲ್ಲಿ ಅಂಗಡಿಯವರ ಮಾತು ಕೇಳಬ್ಯಾಡ್ರಿ, ಪುಸ್ತಕದ ಮಾತು ಕೇಳ್ರಿ. 90 ನಂಬರ್ ಗೇರ್ ಆಯಿಲ್ ‘ದಪ್ಪ ಅದ, ಚಲೋ’ ಅಂತ ಸುರಿಯುತ್ತಾರೆ. ಗೇರಿಗೆ ದಪ್ಪ ಒಳ್ಳೆಯದು, ಈ ಪಂಪಿಗೆ ಅದು ಗಂಟಲಾಗ ಕಟ್ಟುವ ಮುದ್ದೆ. ಬಹಳ ಸಣ್ಣ ಟ್ರ್ಯಾಕ್ಟರ್‌ಗಳಿಗೆ ಬೇಕಾದದ್ದು ಅಂಗಡಿಯಲ್ಲಿ ವೆಟ್ ಬ್ರೇಕ್ ಆಯಿಲ್ ಅಂತ ಸಿಗುವ ಯು.ಟಿ.ಟಿ.ಓ. ಜಾತಿಯದು. ಕೆಲವು ಮಾದರಿಗೆ ಬೇರೆ ಇರುತ್ತದೆ. ಆಯಿಲ್ ಹಾಕುವ ಬಕೆಟ್ ಬೇರೆ ಇರಲಿ. ಔಷಧ ಕಲಸಿದ ಬಕೆಟ್ ತೊಳೆದರೂ ಬ್ಯಾಡ. ಡೀಸೆಲ್ ಹಾಕಿ ಇಂಜಿನ್ ಹಚ್ಚಿ ಒಳಗೆ ತೊಳೆಯುವವರು ಅದಾರ. ಡೀಸೆಲ್ಲಿಗೆ ಜಿಡ್ಡಿಲ್ಲ. ಆ ಹತ್ತು ನಿಮಿಷದಾಗ ಪಂಪಿನ ಹತ್ತು ವರ್ಷ ಹೋಗುತ್ತದೆ.

ನಮಗೆ ಇದು ಬೇಕೇ?

ನನ್ನಂಥ ಒಣಬೇಸಾಯದವ ಇದನ್ನು ತರಬಾರದು ಅನ್ನುವುದು ನನ್ನ ಖಡಕ್ ಅಭಿಪ್ರಾಯ. ಎರಿ ಹೊಲದಾಗ ಪಲ್ಟಿ ಹೊಡೆಯುವುದು, ತಾಸುಗಟ್ಟಲೆ ಒಂದೇ ಸಮ ಜಗ್ಗುವುದು ಗೇರಿನ ಕೆಲಸ. ಆಯಿಲಿನ ಮೂಲಕ ಹೋಗುವ ಶಕ್ತಿಯಲ್ಲಿ ಒಂದು ಪಾಲು ಕಾವಾಗಿ ಸುಮ್ಮನೆ ಹೋಗುತ್ತದೆ, ಅದಕ್ಕೆ ಡೀಸೆಲ್ ನಾವೇ ಹಾಕಬೇಕು. ಇಂಡಿಯ ನಿಂಬೆ ತೋಟದಾಗ, ಬಸವನ ಬಾಗೇವಾಡಿಯ ದ್ರಾಕ್ಷಿ ಸಾಲಿನಾಗ ಮಾತು ಬೇರೆ. ಅಲ್ಲಿ ಹೆಜ್ಜೆಗೊಮ್ಮೆ ನಿಲ್ಲಬೇಕು, ಹೊರಳಬೇಕು, ಬ್ಲೋವರ್ ಓಟ ಇಳಿಸದೆ ಗಾಡಿಯ ಓಟ ಇಳಿಸಬೇಕು. ಅಲ್ಲಿ ಪೆಡಲಿನ ನಡಿಗೆಗೆ ಬೆಲೆ ಅದ. ನೆರೆಯವನ ತೋಟದಾಗ ಸುಖ ಕಂಡು ನಮ್ಮ ಜೋಳದ ಹೊಲಕ್ಕೆ ತಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂದಂತೆ.

ತರುವವರು ಕೊಳ್ಳುವ ಮೊದಲೇ ಕೇಳ್ರಿ. ಯಾವ ಆಯಿಲ್, ಎಷ್ಟು ಲೀಟರ್? ಫಿಲ್ಟರಿನ ನಂಬರ್ ಏನು, ವಿಜಯಪುರದಾಗ ಸಿಗ್ತದೇನು? ಚಾರ್ಜ್ ಒತ್ತಡ ಎಷ್ಟಿರಬೇಕು? ಅದನ್ನು ನೋಡುವ ಮೀಟರ್ ಯಾರ ಹತ್ತಿರ ಅದ? ಈ ನಾಲ್ಕಕ್ಕೂ ಉತ್ತರ ಇಲ್ಲದ ಮಷೀನು ಎಷ್ಟು ಅಗ್ಗವಾದರೂ ತುಟ್ಟಿ.

ಕೇಳಬೇಕಾದ ಜಾಗದಲ್ಲಿ ಕೇಳೋಣ

ಮಾರುವವರು ಕನ್ನಡದಾಗ ಒಂದು ಹಾಳೆಯನ್ನಾದರೂ ಕೊಡಬೇಕು. ಬಣ್ಣದ ಚಿತ್ರದ ಹಾಳೆ ಅಲ್ಲ. ಆಯಿಲ್, ಫಿಲ್ಟರ್, ತಾಸು, ಒತ್ತಡ ಬರೆದ ಹಾಳೆ. ನಮ್ಮ ರಾಜ್ಯದಾಗ 2014-15ರಲ್ಲಿ ಕೃಷಿ ಯಂತ್ರಧಾರೆ ಶುರುವಾಗಿ ಹೋಬಳಿ ಮಟ್ಟದಲ್ಲಿ ಬಾಡಿಗೆ ಯಂತ್ರದ ಕೇಂದ್ರಗಳು ಬಂದವು. ಬಾಡಿಗೆಗೆ ಯಂತ್ರ ಇಡುವ ಇಂಥ ಕೇಂದ್ರದಲ್ಲಿ ಒಂದು ಪ್ರೆಷರ್ ಮೀಟರ್, ಅದಕ್ಕೆ ಬೇಕಾದ ನಾಲ್ಕಾರು ಜೋಡಣೆ ಇಟ್ಟರೆ ಪಂಪಿನ ಬೆಲೆಯ ಮುಂದೆ ಅದರ ಖರ್ಚು ಏನೂ ಅಲ್ಲ. ಆಂಧ್ರದ ಅನಂತಪುರ ಜಿಲ್ಲೆ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಅದ. ಮಷೀನು ಬಿಚ್ಚುವ ಹುಚ್ಚಿರುವ ನಮ್ಮ ಊರಿನ ಹುಡುಗರು ಅಲ್ಲಿಗೆ ಹೋಗಿ ಕಲಿತು ಬರಲಿ. ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಬೀಜ, ಗೊಬ್ಬರದ ಜೋಡಿ ವರ್ಷಕ್ಕೊಂದು ದಿನ ಆಯಿಲ್ ಮತ್ತು ಫಿಲ್ಟರಿಗೂ ಇಡಲಿ ಅಂತ ಕೇಳೋಣ.

ನಮ್ಮ ಪಾಲಿನದು ನಾವು ಮಾಡೋಣ. ಟ್ರ್ಯಾಕ್ಟರಿನ ಸೀಟಿನ ಕೆಳಗೆ ಒಂದು ವಹಿ ಇರಲಿ. ಯಾವ ತಾಸಿಗೆ ಯಾವ ಆಯಿಲ್ ಹಾಕಿದಿರಿ, ಫಿಲ್ಟರ್ ಯಾವಾಗ ಬದಲಿಸಿದಿರಿ, ಯಾರ ಟ್ರೇಲರ್ ಹಚ್ಚಿದಿರಿ ಅಂತ ಒಂದೊಂದು ಸಾಲು. ಗ್ಯಾರೇಜಿನವರು ಬಂದಾಗ ಜಗಳ ಬ್ಯಾಡ, ಸಿಟ್ಟು ಬ್ಯಾಡ. ಅವರೂ ಹೊಟ್ಟೆಪಾಡಿನವರೇ, ಅವರಿಗೂ ಯಾರೂ ಇದನ್ನು ಕಲಿಸಿಲ್ಲ. ಎರಡೇ ಮಾತು ಹೇಳ್ರಿ: ‘ಬಿಚ್ಚುವ ಮೊದಲ ಮೀಟರ್ ಹಚ್ಚಿ ಬರದ ಕೊಡ್ರಿ. ಬಿಚ್ಚಿದ್ದ ಹಳೇ ಸಾಮಾನ ನಮ್ಮ ಕೈಯಾಗ ಕೊಡ್ರಿ.’ ಬಲ್ಲವನು ಸಂತೋಷದಿಂದ ಒಪ್ಪುತ್ತಾನೆ. ಒಪ್ಪದವನ ಕೈಗೆ ಸ್ಪ್ಯಾನರ್ ಕೊಡಬ್ಯಾಡ್ರಿ.

ಬಿತ್ತಿಗೆ ಇನ್ನೂ ತಿಂಗಳು ಇರುವಾಗಲೇ ಒಮ್ಮೆ ಕಡ್ಡಿ ತೆಗೆದು ನೋಡ್ರಿ. ಹದ ಬಂದ ದಿನ ನೋಡುವುದಲ್ಲ ಅದು.